ಲಾಗ್ ಪುಸ್ತಕದಲ್ಲಿ ದಿನವೂ ಆರು ಗಂಟೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದೆ. ಇದೇ ಬಗೆಯ ಬೇರೆ ಪ್ರಕರಣಗಳ ಕೆಲವು ಅಂಶಗಳೂ ಇದರಲ್ಲಿ ಬೆರೆತಿವೆ. ಸಲಹೆಗೆ ಬಂದವರನ್ನು ಇಲ್ಲಿ ‘ಸ’ ಎಂದು ಕರೆದಿದೆ.)

ಸ ಅವರಿಗೆ 26 ವರ್ಷ. ಆಪರೇಷನ್ ಥಿಯೇಟರ್ ಟೆಕ್ನಾಲಜಿಯಲ್ಲಿ ಡಿಪ್ಲೊಮಾ ಮಾಡಿದವರು. ಮೂರು ವರ್ಷದಿಂದ ಐದು ಥಿಯೇಟರುಗಳಿರುವ ಒಂದು ಖಾಸಗಿ ಆಸ್ಪತ್ರೆಯ ಸಿಎಸ್‌ಎಸ್‌ಡಿಯಲ್ಲಿ ಕೆಲಸ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನೆಲ್ಲ ತೊಳೆದು, ಪರೀಕ್ಷಿಸಿ, ಪ್ಯಾಕ್ ಮಾಡಿ, ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯ ಯಂತ್ರ) ಕ್ರಿಮಿಮುಕ್ತಗೊಳಿಸಿ ಥಿಯೇಟರಿಗೆ ಕಳಿಸುವ ವಿಭಾಗ ಅದು. ಹೆಚ್ಚಿನ ಆಸ್ಪತ್ರೆಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಕಡೆಯೇ ಇರುತ್ತದೆ. ಇವರದ್ದು ನೆಲಮಾಳಿಗೆಯಲ್ಲಿ, ಲಾಂಡ್ರಿಯ ಪಕ್ಕ.

ಮೊದಲ ಭೇಟಿಯಲ್ಲಿ ಕೂತ ಕೂಡಲೇ ಹೇಳಿದ ಮಾತು: “ಡಾಕ್ಟರ್ ಪಕ್ಕ ನಿಲ್ಲೋಕೆ ಓದಿದೆ ಮೇಡಂ. ಮೂರು ವರ್ಷದಿಂದ ಪಾತ್ರೆ ತೊಳೀತಿದ್ದೀನಿ. ಮಾಡಿದ್ದೇ ಮಾಡೋದು. ಕೆಲಸ ಬಿಡ್ತೀನಿ ಅಂದ್ರೆ ಮನೇಲಿ ಬಿಡೋದಿಲ್ಲ. ಇರ್ತೀನಿ ಅಂದ್ರೆ ನನ್ನಿಂದ ಆಗೋದಿಲ್ಲ.” ಆಸ್ಪತ್ರೆಯಲ್ಲಿ ಕೀಲು ಬದಲಿ ಶಸ್ತ್ರಚಿಕಿತ್ಸೆಗಳು ಒಂದು ದೊಡ್ಡ ಸಂಖ್ಯೆ ಮುಟ್ಟಿದ್ದಕ್ಕೆ ಆ ವಾರವಷ್ಟೇ ಸಮಾರಂಭ ನಡೆದಿತ್ತು. ವೈದ್ಯರಿಗೆ, ಅರಿವಳಿಕೆಯವರಿಗೆ, ಥಿಯೇಟರ್ ಸಿಸ್ಟರುಗಳಿಗೆ ಹಾರ ಬಿತ್ತು. ಸಿಎಸ್‌ಎಸ್‌ಡಿಯವರಿಗೆ ಮಧ್ಯಾಹ್ನ ಸ್ವೀಟ್ ಬಾಕ್ಸ್ ಬಂತು, ಲಾಂಡ್ರಿಯವರ ಜೊತೆ ಹಂಚಿಕೊಳ್ಳಿ ಅಂತ.

ಇಂಥ ದೂರಿಗೆ ಸಲಹೆ ಹೇಳುವ ಮೊದಲು ಆ ಕೆಲಸ ಏನು ಅಂತ ಹೆಜ್ಜೆಹೆಜ್ಜೆಯಾಗಿ ಕೇಳಿ ಬರೆದುಕೊಳ್ಳಬೇಕು. ‘ಬೋರಿಂಗ್ ಕೆಲಸ’ ಅನ್ನುವ ಒಂದೇ ಮೂಟೆಯಲ್ಲಿ ಹತ್ತು ಬಗೆಯ ಕೆಲಸ ಕಟ್ಟಿರುತ್ತಾರೆ. ಸ ಅವರನ್ನು ಒಂದು ಸೆಟ್ಟಿನ (ಒಂದು ಶಸ್ತ್ರಚಿಕಿತ್ಸೆಗೆ ಬೇಕಾದ ಉಪಕರಣಗಳ ಕಟ್ಟು) ಬಗ್ಗೆ, ಅದು ಥಿಯೇಟರಿನಿಂದ ಬಂದ ಗಳಿಗೆಯಿಂದ ವಾಪಸ್ ಹೋಗುವವರೆಗೆ, ಹೇಳಿ ಅಂದೆವು.

ಉಪಕರಣ ಬಂದ ಕೂಡಲೇ ರಕ್ತ ಒಣಗಲು ಬಿಡದೆ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಹಾಕಿದರೆ ಮೊಟ್ಟೆಯ ಲೋಳೆ ಗಟ್ಟಿಯಾದ ಹಾಗೆ ರಕ್ತದ ಪ್ರೋಟೀನು ಲೋಹಕ್ಕೆ ಹಿಡಿದು ಕೂರುತ್ತದೆ. ಆಮೇಲೆ ಉಗುರುಬೆಚ್ಚಗಿನ ಎಂಜೈಮ್ ದ್ರಾವಣ. ಕೀಲಿರುವ ಪ್ರತಿಯೊಂದನ್ನೂ ಬಿಚ್ಚಿ ಅಥವಾ ಬಾಯಿ ತೆರೆದು ಅದರಲ್ಲಿ ಮುಳುಗಿಸಬೇಕು, ಕೊಳವೆಗಳಿಗೆ ಅಳತೆಗೆ ತಕ್ಕ ಬ್ರಷ್ ಆಡಿಸಬೇಕು. ಒಣಗಿಸಿದ ಮೇಲೆ ಭೂತಗನ್ನಡಿ ದೀಪದ ಕೆಳಗೆ ಪರೀಕ್ಷೆ. ರಕ್ತನಾಳ ಹಿಡಿಯುವ ಆರ್ಟರಿ ಫೋರ್ಸೆಪ್ಸಿನ ಎರಡು ತೋಳು ಸೇರುವ ಕೀಲಿನಲ್ಲಿ ಕಂದು ಚುಕ್ಕೆ ಇದ್ದರೆ ಅದು ತುಕ್ಕೋ ಹಳೆಯ ರಕ್ತವೋ ನೋಡಬೇಕು. ಅದರ ಹಿಡಿಕೆಯನ್ನು ಮೊದಲ ಹಲ್ಲಿಗೆ ಕಚ್ಚಿಸಿ ಮೆಲ್ಲಗೆ ತಟ್ಟಬೇಕು. ತಟ್ಟಿದಾಗ ಬಿಚ್ಚಿಕೊಂಡರೆ ಅದು ರಕ್ತನಾಳದ ಮೇಲೂ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ರಿಪೇರಿಗೆ. ಆಮೇಲೆ ಪಟ್ಟಿ ನೋಡಿ ಎಣಿಕೆ, ಭಾರದ್ದು ಕೆಳಗೆ, ಸೆಟ್ಟಿನ ನಡುವೆ ಹಬೆ ತಾಕಿದರೆ ಬಣ್ಣ ತಿರುಗುವ ಇಂಡಿಕೇಟರ್ ಚೀಟಿ, ಎರಡು ಸುತ್ತು ಬಟ್ಟೆ, ಟೇಪು, ತಾರೀಖು, ಲೋಡ್ ಸಂಖ್ಯೆ (ಯಂತ್ರಕ್ಕೆ ಒಂದು ಸಲ ಹಾಕುವ ಪ್ಯಾಕುಗಳೆಲ್ಲ ಸೇರಿ ಒಂದು ಲೋಡ್), ಸಹಿ. ಆಟೋಕ್ಲೇವಿನೊಳಗೆ ಪ್ಯಾಕುಗಳ ನಡುವೆ ಹಬೆ ಓಡಾಡಲು ಜಾಗ ಬಿಡಬೇಕು. 134 ಡಿಗ್ರಿ ಸೆಲ್ಸಿಯಸ್, ನಿಲುಗಡೆ ಕೆಲವೇ ನಿಮಿಷ. ಗಾಳಿ ಎಳೆಯುವುದು, ಒಣಗಿಸುವುದು ಸೇರಿ ಒಂದು ಸುತ್ತಿಗೆ ಮುಕ್ಕಾಲು ಗಂಟೆಯ ಮೇಲೆ. ಹೊರಗೆ ಬಂದ ಪ್ಯಾಕನ್ನು ಆರುವ ತನಕ ಮುಟ್ಟುವ ಹಾಗಿಲ್ಲ. ಬಿಸಿ ಇರುವಾಗ ಉಳಿದ ತೇವ ಕೈಯ ಕ್ರಿಮಿಯನ್ನು ಬಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ.

ಇಷ್ಟನ್ನು ಹೇಳಲು ಅವರಿಗೆ ಇಪ್ಪತ್ತು ನಿಮಿಷ ಬೇಕಾಯಿತು, ಎಲ್ಲೂ ತಡವರಿಸಲಿಲ್ಲ. ಫೋರ್ಸೆಪ್ಸ್ ತಟ್ಟುವುದನ್ನು ಮೇಜಿನ ಮೇಲಿದ್ದ ಪೆನ್ನಿನಲ್ಲೇ ಮಾಡಿ ತೋರಿಸಿದರು. ಕೆಲಸ ಬೇಡವಾದವರು ಹೀಗೆ ಹೇಳುವುದು ಅಪರೂಪ. ಟಿಪ್ಪಣಿಯಲ್ಲಿ ಇದನ್ನು ಗುರುತು ಹಾಕಿಕೊಂಡೆವು.

ಇದು ಖಿನ್ನತೆಯೇ?

ಬೇಸರ ಅಂತ ಬಂದವರಲ್ಲಿ ಮೊದಲು ತಿಳಿಯಬೇಕಾದದ್ದು ಇದನ್ನೇ. ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯಲ್ಲಿ 27ಕ್ಕೆ 8 ಬಂತು, ಅಂದರೆ ಸೌಮ್ಯ ಮಟ್ಟ. ಬದುಕು ಬೇಡ ಎಂಬ ಯೋಚನೆಯ ಪ್ರಶ್ನೆಗೆ ಸೊನ್ನೆ. ನಿದ್ದೆ ಸಾಲದು, ಊಟ ಸರಿಯಿದೆ. ಅಂಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದು ಸಾದಾ ಪ್ರಶ್ನೆ: ರಜೆಯ ದಿನ ಖುಷಿ ವಾಪಸ್ ಬರುತ್ತದೆಯೇ? ಬರುತ್ತದೆ ಅಂದರು. ಅಣ್ಣನ ಮಗಳ ಜೊತೆ ಸಂತೆಗೆ ಹೋದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಖಿನ್ನತೆಯಲ್ಲಿ ಭಾನುವಾರವೂ ಸಪ್ಪೆ. ಕೆಲಸದ ಬೇಸರ ಡ್ಯೂಟಿಯ ಸಮವಸ್ತ್ರದ ಜೊತೆ ಬಂದು ಅದರ ಜೊತೆಗೇ ಹೋಗುತ್ತದೆ. ಎರಡು ವಾರಕ್ಕೂ ಹೆಚ್ಚು ದಿನ ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಅಂಕ 10 ದಾಟಿದರೆ, ಕೆಲಸದ ಮಾತು ಪಕ್ಕಕ್ಕಿಟ್ಟು ಮನೋವೈದ್ಯರ ಬಳಿ ಕಳಿಸಬೇಕು. ಇವರಿಗೆ ಅದು ಬೇಕಾಗಲಿಲ್ಲ. ಆದರೂ ಟೆಲಿ ಮಾನಸ್‌ನ 14416 ಸಂಖ್ಯೆ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಬರೆದುಕೊಟ್ಟೆವು.

ಮೊದಲ ಭೇಟಿಯಲ್ಲೇ ಗೋಪ್ಯತೆಯ ಮಿತಿಯನ್ನೂ ಹೇಳಿದೆವು: ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಆದರೆ ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ ಕಂಡರೆ ಏನು ಮಾಡಬೇಕು ಅಂತ ನಿಮ್ಮ ಜೊತೆಯಲ್ಲೇ ಕೂತು ತೀರ್ಮಾನಿಸಬೇಕಾಗುತ್ತದೆ. ಎಷ್ಟೋ ಕಡೆ ಇದನ್ನು ಸಹಿ ಹಾಕುವ ಕಾಗದಕ್ಕೆ ಬಿಟ್ಟುಬಿಡುತ್ತಾರೆ. ಬಾಯಲ್ಲಿ ಹೇಳಿದ್ದು ಈ ಪ್ರಕರಣದಲ್ಲಿ ನಂತರ ಕೆಲಸಕ್ಕೆ ಬಂತು.

ಮನೆಗೆಲಸವಾಗಿ ಕೊಟ್ಟದ್ದು ಒಂದು ವಾರದ ದಿನಚರಿ. ಪಾಳಿಯ ಪ್ರತಿ ಗಂಟೆಗೂ ಒಂದು ಸಾಲು, ಮೂರು ಕಾಲಂ: ಮಾಡುತ್ತಿದ್ದ ಕೆಲಸ, ಬೇಸರ 0ರಿಂದ 10ಕ್ಕೆ ಎಷ್ಟು, ಮನಸ್ಸು ಎಲ್ಲಿತ್ತು. ವಾರದ ಕೊನೆಗೆ ಬಂದ ಹಾಳೆ ಹೀಗಿತ್ತು. ತೊಳೆಯುವುದು 4. ಪ್ಯಾಕಿಂಗ್ 3. ಪರೀಕ್ಷೆಯ ಮೇಜಿನಲ್ಲಿ ಮೊದಲ ಅರ್ಧ ಗಂಟೆ 3, ಎರಡನೇ ಗಂಟೆಗೆ 7. ಯಂತ್ರದ ಮುಂದೆ ಕಾಯುವುದು 8. ಲಾಗ್ ಪುಸ್ತಕ (ಯಂತ್ರದ ದಿನದಿನದ ದಾಖಲೆ) ಬರೆಯುವುದು 9. ಇಡೀ ಕೆಲಸ ಬೇಸರ ಅಂತ ಬಂದವರಿಗೆ ಬೇಸರವಿದ್ದದ್ದು ಎರಡೂವರೆ ಕಡೆ. ‘ಪಾತ್ರೆ ತೊಳೆಯುವುದು’ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅದು ಮನೆಯಿಂದ ಬಂದ ಮಾತು. ಅತ್ತಿಗೆ ನೆಂಟರ ಮುಂದೆ ಹೇಳಿದ್ದು, ಮೂರು ವರ್ಷದಲ್ಲಿ ಇವರದ್ದೇ ಮಾತಾಗಿಬಿಟ್ಟಿತ್ತು.

ಕೆಲಸ ಯಾಕೆ ಸಪ್ಪೆಯಾಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡಮ್ 1970ರ ದಶಕದಲ್ಲಿ ಐದು ಗುಣಗಳಾಗಿ ವಿಂಗಡಿಸಿದರು: ಬಗೆಬಗೆಯ ಕೌಶಲ, ಮೊದಲಿನಿಂದ ಕೊನೆವರೆಗೂ ಕೆಲಸ ಒಂದಾಗಿ ಕಾಣುವುದು, ಅದರಿಂದ ಬೇರೆಯವರಿಗೆ ಆಗುವ ಪ್ರಯೋಜನ, ಸ್ವಂತ ತೀರ್ಮಾನಕ್ಕೆ ಜಾಗ, ಮತ್ತು ಮಾಡಿದ್ದು ಹೇಗಾಯಿತು ಎಂಬ ತಿಳಿವು. ಸ ಅವರ ಕೆಲಸಕ್ಕೆ ಕೌಶಲ ಇದೆ, ಪ್ರಯೋಜನವಂತೂ ಬೆಟ್ಟದಷ್ಟಿದೆ. ಇಲ್ಲದ್ದು ಎರಡನೆಯದು ಮತ್ತು ಐದನೆಯದು. ಸೆಟ್ಟು ಕಿಟಕಿ ದಾಟಿದ ಮೇಲೆ ಏನಾಯಿತೋ ಗೊತ್ತಿಲ್ಲ. ಫೋನ್ ಬರುವುದು ಒಂದು ಕತ್ತರಿ ಕಡಿಮೆ ಇದ್ದಾಗ ಮಾತ್ರ. ಇದನ್ನು ವಿವರಿಸಿದಾಗ ಅವರೇ ಒಂದು ಹೋಲಿಕೆ ಕೊಟ್ಟರು. “ಅಮ್ಮ ಮೊರದಲ್ಲಿ ಅಕ್ಕಿ ಆರಿಸ್ತಾರಲ್ಲ ಹಂಗೆ. ಅನ್ನದಲ್ಲಿ ಕಲ್ಲಿಲ್ಲ ಅಂತ ಯಾರೂ ಹೇಳೋದಿಲ್ಲ. ಒಂದು ಸಿಕ್ರೆ ಎಲ್ರೂ ತಿರುಗಿ ನೋಡ್ತಾರೆ.”

ಮೊದಲು ಕೊಟ್ಟ ಸಲಹೆ, ಅದು ಕೆಟ್ಟದ್ದು

ಎರಡನೇ ಭೇಟಿಯಲ್ಲಿ ಕೊಟ್ಟ ಸಲಹೆ ಸರಳವಾಗಿತ್ತು: ಪ್ರತಿ ಸೆಟ್ ಕಟ್ಟುವಾಗ ಇದನ್ನು ಬಳಸಿಕೊಳ್ಳುವ ರೋಗಿಯನ್ನು ಒಂದು ಕ್ಷಣ ನೆನೆಯಿರಿ. ಅರ್ಥ ಹುಡುಕುವ ಸಲಹೆಗಳಲ್ಲಿ ಇದು ಬಹಳ ಪ್ರಚಲಿತ. ಐದು ದಿನದಲ್ಲೇ ತಿರುಗಿ ಹೊಡೆಯಿತು. ದಿನಕ್ಕೆ ನಲವತ್ತು ಐವತ್ತು ಸೆಟ್ ಕಟ್ಟುವ ಕೈ ಅಷ್ಟು ಸಲ ರೋಗಿಯನ್ನು ಹೊರಲಾರದು. ಮೊದಲೆರಡು ದಿನ ಚೆನ್ನಾಗಿತ್ತು, ಮೂರನೇ ದಿನಕ್ಕೆ ಭಯ ಹತ್ತಿತು. ಟೇಪ್ ಹಾಕಿದ ಪ್ಯಾಕನ್ನು ಬಿಚ್ಚಿ ಎಣಿಸಿ ಮತ್ತೆ ಕಟ್ಟತೊಡಗಿದರು. ರಾತ್ರಿ ಕನಸಿನಲ್ಲಿ ಕೀವು ತುಂಬಿದ ಗಾಯ. ಪಾಳಿ ಮುಗಿಯುವುದು ಒಂದು ಗಂಟೆ ತಡವಾಗಿ ಇನ್‌ಚಾರ್ಜ್ ಸಿಸ್ಟರಿಂದ ಬೈಸಿಕೊಂಡದ್ದೂ ಆಯಿತು.

ಕೆಲಸದ ಮಹತ್ವವನ್ನು ಅದರ ಪ್ರತಿ ಚಲನೆಯ ಮೇಲೂ ಹೇರಿದರೆ ಹೀಗಾಗುತ್ತದೆ. ಸಲಹೆಯನ್ನು ಅಂದೇ ಹಿಂತೆಗೆದುಕೊಂಡೆವು. ಕಟ್ಟಿದ ಪ್ಯಾಕನ್ನು ಬಿಚ್ಚಬಾರದು, ಅನುಮಾನ ಬಂದರೆ ಪಕ್ಕದ ಸಹೋದ್ಯೋಗಿಗೆ ಒಂದೇ ಸಲ ತೋರಿಸುವುದು, ಅಲ್ಲಿಗೆ ಮುಗಿಯಿತು ಎಂದು ಕಟ್ಟು ಹಾಕಿದೆವು. ಭಯ ಇಳಿಯಿತು. ಆದರೆ ಇಷ್ಟು ಬೇಗ ಇಷ್ಟು ಭಯ ಯಾಕೆ ಬಂತು ಎಂಬುದು ಉಳಿಯಿತು. ಮೂರನೇ ಭೇಟಿಯಲ್ಲಿ ಕೇಳಿದ್ದು ಅದನ್ನೇ.

ಬಹಳ ಹೊತ್ತು ಸುಮ್ಮನಿದ್ದು, ಮೊಬೈಲಿನಲ್ಲಿ ತೆಗೆದಿದ್ದ ಲಾಗ್ ಪುಸ್ತಕದ ಒಂದು ಪುಟದ ಫೋಟೋ ತೋರಿಸಿದರು. ರೋಗಿಗಳ ವಿವರ ಏನೂ ಇಲ್ಲದ ಯಂತ್ರದ ಪುಟ. ತಾರೀಖು, ವೇಳೆ, ತಾಪ, ಒತ್ತಡ, ಪರೀಕ್ಷೆಯ ಫಲಿತಾಂಶ, ಸಹಿ. ವೇಳೆಯ ಕಾಲಂನಲ್ಲಿ ಮೇಲಿಂದ ಕೆಳಗೆ 6.00, 6.00, 6.00. ಅದರಲ್ಲಿ ಮೂರು ಸಾಲು ಒಂದೇ ಪೆನ್ನು, ಒಂದೇ ಓರೆ. ಮೂರನೆಯದರ ಸಹಿಯ ಬಾಲ ಎರಡನೆಯದರ ಮೇಲೆ ಹತ್ತಿ ಶಾಯಿ ಹರಡಿತ್ತು, ಅದು ಒಣಗುವ ಮುಂಚೆಯೇ ಬರೆದ ಹಾಗೆ. ನಮ್ಮ ಮೊದಲ ಭೇಟಿಗೂ ಮುಂಚೆ, ಮೂರು ದಿನದ ಯಂತ್ರದ ಬೆಳಗಿನ ಪರೀಕ್ಷೆ ಮಾಡದೆಯೇ ‘ಸರಿ’ ಎಂದು ಒಟ್ಟಿಗೆ ತುಂಬಿದ್ದರು. ಯಾರೂ ಕಂಡುಹಿಡಿಯಲಿಲ್ಲ. “ಯಾರಿಗೂ ಗೊತ್ತಾಗಲಿಲ್ಲ ಅಂದಾಗಲೇ ಮೇಡಂ, ಇದಕ್ಕೆ ಬೆಲೆ ಇಲ್ಲ ಅನ್ನಿಸಿದ್ದು.”

ಬೇಸರ ಎಂದು ಒಳಗೆ ಬಂದದ್ದರ ಅಡಿಯಲ್ಲಿ ಅಳುಕು ಕೂತಿತ್ತು. ಕೆಲಸವನ್ನು ಬೆಲೆಯಿಲ್ಲದ್ದು ಎಂದುಕೊಂಡರೆ ಮಾಡದೆ ಬಿಟ್ಟದ್ದಕ್ಕೂ ಬೆಲೆ ಇರುವುದಿಲ್ಲ. ಅದು ಮನಸ್ಸಿಗೆ ಆಸರೆ. ಇಂಥ ಕಡೆ ಸಮಾಧಾನ ಹೇಳಿ ಕಳಿಸಿದರೆ ತಪ್ಪಾಗುತ್ತದೆ, ಗದರಿದರೆ ಅವರು ಮತ್ತೆ ಬರುವುದಿಲ್ಲ.

ಮೊದಲು ಮಾಡಿದ್ದು ಗೋಪ್ಯತೆಯ ಮಿತಿಯನ್ನು ನೆನಪಿಸಿದ್ದು. ಇದು ರೋಗಿಗಳ ಸುರಕ್ಷತೆಯ ವಿಷಯ, ಹಾಗಾಗಿ ಆಸ್ಪತ್ರೆಗೆ ತಿಳಿಯಲೇಬೇಕು. ನೀವೇ ಹೇಳುವುದು ಎಲ್ಲಕ್ಕಿಂತ ಒಳ್ಳೆಯದು, ನಾಳೆ ಬೆಳಗ್ಗೆಯೇ ಹೇಳಬೇಕು ಎಂದೆವು. ಹೇಳುವ ಮಾತನ್ನು ಕೂತು ಬರೆದೆವು, ನಾಲ್ಕೇ ವಾಕ್ಯ: “ಸಿಸ್ಟರ್, ಈ ಮೂರು ತಾರೀಖು ಬೆಳಗಿನ ಟೆಸ್ಟ್ ಮಾಡದೆ ಲಾಗ್ ತುಂಬಿದ್ದೇನೆ. ಆ ದಿನಗಳ ಲೋಡ್ ಪ್ರಿಂಟ್‌ಔಟ್ ಫೈಲಿನಲ್ಲಿವೆ, ದಯವಿಟ್ಟು ನೋಡಿ. ತಪ್ಪು ನನ್ನದು. ಇನ್ನು ಮುಂದೆ ಟೆಸ್ಟ್ ಹಾಳೆಯನ್ನು ಪುಟಕ್ಕೇ ಅಂಟಿಸುತ್ತೇನೆ.” ಬೇಸರ, ಸ್ಟಾಫ್ ಕಮ್ಮಿ, ಯಾರೂ ಕೇಳಲಿಲ್ಲ ಎಂಬ ಮಾತುಗಳನ್ನು ಆ ದಿನಕ್ಕೆ ಬಿಡಿಸಿದೆವು. ಅವು ಸುಳ್ಳಲ್ಲ. ಆದರೆ ತಪ್ಪೊಪ್ಪಿಗೆಯ ಜೊತೆ ಹೇಳಿದರೆ ನೆಪವಾಗಿ ಕೇಳಿಸುತ್ತವೆ, ಬೇರೆ ದಿನ ಹೇಳಿದರೆ ದೂರಾಗಿ ಕೇಳಿಸುತ್ತವೆ. ಗಟ್ಟಿಯಾಗಿ ಮೂರು ಸಲ ಹೇಳಿಸಿದೆವು. ಮೂರನೇ ಸಲ ದನಿ ನಡುಗಲಿಲ್ಲ.

ಮಾರನೇ ದಿನ ಹೇಳಿದರು. ಆ ಮೂರು ದಿನಗಳ ಪ್ರತಿ ಲೋಡಿನ ಪ್ರಿಂಟ್‌ಔಟ್, ಸೆಟ್ಟುಗಳ ಒಳಗಿನ ಇಂಡಿಕೇಟರ್ ಚೀಟಿಗಳ ದಾಖಲೆ, ಆ ವಾರದ ಸ್ಪೋರ್ ಪರೀಕ್ಷೆ (ಶಾಖ ತಡೆಯುವ ಕ್ರಿಮಿಬೀಜಕಗಳು ಸತ್ತವೇ ಎಂದು ನೋಡುವುದು) ಎಲ್ಲವನ್ನೂ ಇನ್‌ಚಾರ್ಜ್ ತೆಗೆಸಿ ನೋಡಿದರು. ಸೋಂಕು ನಿಯಂತ್ರಣ ಸಮಿತಿಗೆ ಬರೆದರು. ಲೋಡುಗಳು ಸರಿಯಿದ್ದವು. ಸ ಅವರಿಗೆ ಲಿಖಿತ ಎಚ್ಚರಿಕೆ ಬಂತು. ಆ ರಾತ್ರಿ ಏಳು ಗಂಟೆ ಎಡೆಬಿಡದೆ ನಿದ್ದೆ ಮಾಡಿದೆ ಎಂದು ನಾಲ್ಕನೇ ಭೇಟಿಯಲ್ಲಿ ಹೇಳಿದರು.

ಪ್ರತಿ ಕಾಲಂಗೂ ಒಂದು ಕಾರಣ

ಬೇಸರದ ಕೆಲಸಕ್ಕೆ ಬೆಲೆ ಇದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅದಕ್ಕೇ ನಾಲ್ಕನೇ ವಾರದ ಮನೆಗೆಲಸ ಹೀಗಿತ್ತು: ಲಾಗ್ ಪುಸ್ತಕದ ಪ್ರತಿ ಕಾಲಂ ಯಾಕಿದೆ, ಅದನ್ನು ಬಿಟ್ಟರೆ ಏನಾಗುತ್ತದೆ, ಒಂದೊಂದು ಸಾಲಿನಲ್ಲಿ ಬರೆದು ತನ್ನಿ. ಗೊತ್ತಿಲ್ಲದ್ದನ್ನು ಇನ್‌ಚಾರ್ಜ್ ಅಥವಾ ಬಯೋಮೆಡಿಕಲ್ ಎಂಜಿನಿಯರನ್ನು ಕೇಳಿ.

ಇವರು ಬಿಟ್ಟದ್ದು ಬೋವಿ-ಡಿಕ್ ಪರೀಕ್ಷೆ. ದಿನದ ಮೊದಲ ಲೋಡಿಗೆ ಮುಂಚೆ, ಖಾಲಿ ಚೇಂಬರಿನಲ್ಲಿ, ಒಂದೇ ಒಂದು ಪರೀಕ್ಷಾ ಪ್ಯಾಕನ್ನು ಹಬೆ ಹೊರಹೋಗುವ ರಂಧ್ರದ ಮೇಲ್ಭಾಗಕ್ಕೆ ಕೆಳ ಅಂತಸ್ತಿನಲ್ಲಿಟ್ಟು 134 ಡಿಗ್ರಿಗೆ ಮೂರೂವರೆ ನಿಮಿಷ ಓಡಿಸುತ್ತಾರೆ. ಒಳಗಿನ ಹಾಳೆಯ ಬಣ್ಣ ಅಂಚಿನಿಂದ ನಡುವಿನವರೆಗೂ ಒಂದೇ ಸಮ ತಿರುಗಿರಬೇಕು. ನಡುವೆ ತಿಳಿ ಮಚ್ಚೆ ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿತ್ತು ಎಂದರ್ಥ. ಗಾಳಿ ಇದ್ದ ಕಡೆ ಹಬೆ ನುಗ್ಗದು, ಹಬೆ ಮುಟ್ಟದ ಕಡೆ ಕ್ರಿಮಿ ಸಾಯದು. ಮೀಟರು 134 ತೋರಿಸುತ್ತಲೇ ಇರಬಹುದು. ಈ ಪರೀಕ್ಷೆ 1963ರಲ್ಲಿ ಬಂದಾಗ ಮಡಚಿದ ಹತ್ತಿ ಟವೆಲ್ಲುಗಳ ರಾಶಿ, ನಡುವೆ ಒಂದು ಕಾಗದ, ಅದರ ಮೇಲೆ ಅಡ್ಡಡ್ಡ ಅಂಟಿಸಿದ ಇಂಡಿಕೇಟರ್ ಟೇಪು, ಇಷ್ಟೇ ಇತ್ತು.

ಜೊತೆಗೆ ಒಂದು ನಿಜ ಘಟನೆಯನ್ನು ಓದಲು ಹೇಳಿದೆವು. 1972ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಡ್ರಿಪ್ ಬಾಟಲಿಯ ದ್ರಾವಣ ಏರಿಸಿಕೊಂಡ ಹಲವು ರೋಗಿಗಳು ಸತ್ತರು. ಕಾರ್ಖಾನೆಯಲ್ಲಿ ಆ ಬಾಟಲಿಗಳನ್ನು ಆಟೋಕ್ಲೇವ್ ಮಾಡುವಾಗ ಒಳಗೆ ಗಾಳಿ ಉಳಿದು ಕೆಳಸಾಲಿನವಕ್ಕೆ ಶಾಖ ಸಾಲದೆ ಹೋಗಿತ್ತು. ತಾಪವನ್ನು ತಾನೇ ಗೆರೆಯಾಗಿ ಬರೆದಿಡುವ ರೆಕಾರ್ಡರ್ ಅದನ್ನು ತೋರಿಸಿತ್ತು, ಗೆರೆ ಏರಿರಲಿಲ್ಲ. ರೆಕಾರ್ಡರೇ ಕೆಟ್ಟಿರಬೇಕು ಎಂದುಕೊಂಡು ಇನ್ನೊಂದು ಮೀಟರನ್ನು ನಂಬಿದರು. ಮುಂದೆ ವಿಚಾರಣೆಯಲ್ಲಿ ಇದೆಲ್ಲ ಹೊರಬಂತು. ಸ ಅವರು ಇದನ್ನು ಓದಿ ಬಂದು ಕೇಳಿದ ಪ್ರಶ್ನೆ: “ಆ ಚಾರ್ಟ್ ನೋಡೋದು ಯಾರ ಕೆಲಸ ಆಗಿತ್ತು?” ಅವರ ಹಾಳೆಯಲ್ಲಿ ಹದಿನಾಲ್ಕು ಕಾಲಂಗಳಲ್ಲಿ ಹನ್ನೆರಡಕ್ಕೆ ಕಾರಣ ಇತ್ತು. ಉಳಿದೆರಡಕ್ಕೆ ಇನ್‌ಚಾರ್ಜ್ ಸಿಸ್ಟರಿಗೂ ಕಾರಣ ತಿಳಿಯಲಿಲ್ಲ. ಅವು ಹಳೆಯ ಯಂತ್ರದ ಕಾಲದವು, ಹೊಸ ಪುಸ್ತಕದಲ್ಲಿ ತೆಗೆದುಹಾಕಿದರು. ಇದನ್ನು ಮುಖ್ಯವಾಗಿ ಬರೆಯುತ್ತಿದ್ದೇವೆ. ಬೇಸರದ ಕೆಲಸದಲ್ಲಿ ನಿಜಕ್ಕೂ ಬೆಲೆ ಇಲ್ಲದ್ದೂ ಸೇರಿಕೊಂಡಿರುತ್ತದೆ. ಅದನ್ನು ಆರಿಸಿ ಹೊರಗೆ ಹಾಕದೆ ಎಲ್ಲವೂ ಪವಿತ್ರ ಎಂದರೆ ಮಾಡುವವರಿಗೆ ಯಾವುದರ ಮೇಲೂ ನಂಬಿಕೆ ಉಳಿಯುವುದಿಲ್ಲ.

ಕೊಟ್ಟ ಸಲಹೆಗಳು

ಮೊದಲನೆಯದು, ಟಿಕ್‌ಗಿಂತ ಮುಂಚೆ ಕಣ್ಣು, ಕಣ್ಣಿನ ಜೊತೆ ಬಾಯಿ. ಜಪಾನಿನ ರೈಲು ಚಾಲಕರು ಸಿಗ್ನಲ್ಲಿನ ಕಡೆ ಬೆರಳು ತೋರಿಸಿ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳುತ್ತಾರೆ. ದಿನವೂ ನೋಡುವುದನ್ನು ಕಣ್ಣು ನೋಡದೆಯೇ ‘ನೋಡಿದೆ’ ಎನ್ನುತ್ತದೆ. ಬೆರಳು, ಬಾಯಿ ಸೇರಿದರೆ ಆ ಜಾರು ಕಡಿಮೆ. ಸ ಅವರಿಗೆ ಹೇಳಿದ್ದು: ಟೆಸ್ಟ್ ಹಾಳೆಯ ನಡುವೆ ಬೆರಳಿಡಿ, “ನಡು ಕಪ್ಪು, ಅಂಚು ಕಪ್ಪು” ಎನ್ನಿ, ಗಡಿಯಾರ ನೋಡಿ ನಿಜವಾದ ನಿಮಿಷ ಬರೆಯಿರಿ, ಆಮೇಲೆ ಟಿಕ್. ವೇಳೆಯನ್ನು 6.00 ಅಂತ ದುಂಡಾಗಿಸಬಾರದು. ದುಂಡು ಅಂಕಿ ಕೈಗೆ ರೂಢಿಯಾದರೆ ಒಟ್ಟಿಗೆ ತುಂಬುವುದು ಸಲೀಸಾಗುತ್ತದೆ.

ಎರಡನೆಯದು ಪರೀಕ್ಷೆಯ ಮೇಜಿಗೆ ಸಂಬಂಧಿಸಿದ್ದು, ಇದನ್ನು ಅವರೊಬ್ಬರೇ ಮಾಡಲಾಗದು. ಗಂಟೆಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದು ಯಾರಿಂದಲೂ ಆಗದ ಮಾತು. ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ರಾಡಾರ್ ನೋಡುವವರ ಬಗ್ಗೆ ಪ್ರಯೋಗ ಮಾಡಿ 1948ರಲ್ಲಿ ತೋರಿಸಿದಂತೆ ಮೊದಲ ಅರ್ಧ ಗಂಟೆಯಾದ ಮೇಲೆ ಗಮನ ಕುಸಿಯುತ್ತದೆ. ನಡುವೆ ಬಿಡುವು ಕೊಟ್ಟರೆ ಕುಸಿಯುವುದಿಲ್ಲ. ಸ ಅವರ ದಿನಚರಿಯ 3 ಮತ್ತು 7 ಹೇಳುತ್ತಿದ್ದದ್ದೂ ಇದನ್ನೇ. ಅರ್ಧ ಗಂಟೆಗೊಮ್ಮೆ ಪರೀಕ್ಷೆಯವರೂ ಪ್ಯಾಕಿಂಗ್‌ನವರೂ ಜಾಗ ಬದಲಿಸಿಕೊಳ್ಳುವ ಪ್ರಸ್ತಾಪವನ್ನು ದಿನಚರಿಯ ಹಾಳೆಯೊಂದಿಗೆ ಇನ್‌ಚಾರ್ಜ್ ಮುಂದಿಡಲು ಹೇಳಿದೆವು. ತೊಳೆಯುವ ಕಡೆಯವರನ್ನು ಈ ಬದಲಿಯಲ್ಲಿ ಸೇರಿಸಬಾರದು, ಅದು ಮೈಲಿಗೆ ಕಡೆ, ಇದು ಶುದ್ಧ ಕಡೆ. ಎರಡರ ನಡುವೆ ಹಾಗೆ ಓಡಾಡುವಂತಿಲ್ಲ ಎಂದು ಸ ಅವರೇ ತಿದ್ದಿದರು. ನಮಗೆ ಹೊಳೆದಿರಲಿಲ್ಲ.

ಮೂರನೆಯದು ಕೆಲಸದ ಕೊನೆಯನ್ನು ಕಾಣುವುದು. ಕೆಟ್ಟ ಮೊದಲ ಸಲಹೆಯನ್ನೇ ಅಳತೆ ತಗ್ಗಿಸಿ ಕೊಟ್ಟದ್ದಿದು. ವಾರಕ್ಕೆ ಒಂದೇ ಸೆಟ್ ಆರಿಸಿ. ಅದು ಯಾವ ಬಗೆಯ ಶಸ್ತ್ರಚಿಕಿತ್ಸೆಗೆ ಹೋಯಿತು, ಅದರಲ್ಲಿ ಯಾವ ಉಪಕರಣ ಯಾವ ಹಂತದಲ್ಲಿ ಕೈಗೆ ಬಂತು, ಹಿಡಿತ ಹೇಗಿತ್ತು ಎಂದು ಥಿಯೇಟರ್ ಸಿಸ್ಟರನ್ನು ಕೇಳಿ. ರೋಗಿಯ ಹೆಸರು ಕೇಳಬಾರದು. ಹತ್ತು ನಿಮಿಷ ಸಾಕು. ಮೊದಲ ವಾರ ಕೇಳಿದ್ದು ಸೊಂಟದ ಕೀಲಿನ ಸೆಟ್. ತಾನು ದಿನವೂ ಬೈದುಕೊಂಡು ಬ್ರಷ್ ಆಡಿಸುವ ಉದ್ದನೆಯ ರೀಮರ್ ಮೂಳೆಯ ಒಳಗನ್ನು ಕೊರೆಯುತ್ತದೆ, ಅದರ ತೂತಿನಲ್ಲಿ ಹಿಂದಿನ ರೋಗಿಯ ಮೂಳೆಪುಡಿ ಉಳಿದರೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ಅಂದು ತಿಳಿಯಿತು.

ಏನು ಮಾಡಬಾರದು ಎಂಬುದನ್ನೂ ಹೇಳಿದೆವು. ಬೇಸರ ಕಳೆಯಲು ಎಷ್ಟು ಬೇಗ ಪ್ಯಾಕ್ ಮಾಡುತ್ತೇನೆ ಎಂದು ತಮ್ಮೊಡನೆ ತಾವೇ ಪಂದ್ಯ ಕಟ್ಟುವವರಿದ್ದಾರೆ. ವೇಗದ ಪಂದ್ಯದಲ್ಲಿ ಮೊದಲು ಬೀಳುವುದು ಪರೀಕ್ಷೆಯೇ. ಲೆಕ್ಕ ಇಡಬೇಕೆನಿಸಿದರೆ ತಿಂಗಳಿಗೆ ಎಷ್ಟು ಸೆಟ್ ದೂರಿನೊಂದಿಗೆ ವಾಪಸ್ ಬಂತು, ಎಷ್ಟು ಉಪಕರಣವನ್ನು ರಿಪೇರಿಗೆ ತೆಗೆದಿಟ್ಟಿರಿ ಎಂಬುದನ್ನು ಇಡಿ. ಯಂತ್ರ ಓಡುವಾಗಿನ ಕಾಯುವಿಕೆಗೆ ನಾವು ದೊಡ್ಡ ಅರ್ಥ ಹುಡುಕಲಿಲ್ಲ. ತಾಪ ಮುಟ್ಟಿದಾಗ, ನಿಲುಗಡೆ ಮುಗಿದಾಗ, ಒಣಗಿದ ಮೇಲೆ ನೋಡಿ ಬರೆಯಿರಿ, ನಡುವೆ ಕೂತು ಚಹಾ ಕುಡಿಯಿರಿ. ಕಾಲಿಗೂ ವಿಶ್ರಾಂತಿ ಬೇಕು.

ಇದೇ ದೂರಿನೊಂದಿಗೆ ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಪರೀಕ್ಷಿಸುವವರು, ಆಡಿಟರ್ ಆಫೀಸಿನಲ್ಲಿ ಬಿಲ್ಲುಗಳಿಗೆ ತಾಳೆ ಹಾಕುವವರು ಬರುತ್ತಾರೆ. ಅವರಿಗೂ ದಿನಚರಿಯೇ ಮೊದಲು. ಪ್ರತಿ ಹೆಜ್ಜೆಯ ಕಾರಣ ಬರೆಸುವುದು ಆಮೇಲೆ. ಯಾರಿಗಾದರೂ ಬೇಸರ ಪಾಳಿಯುದ್ದಕ್ಕೂ 8ರ ಮೇಲಿದ್ದು, ಕೌಶಲಕ್ಕೂ ತೀರ್ಮಾನಕ್ಕೂ ಎಲ್ಲೂ ಜಾಗವೇ ಇಲ್ಲದಿದ್ದರೆ ಅರ್ಥ ಹುಡುಕುವ ಕಷ್ಟ ಕೊಡುವುದಿಲ್ಲ, ಬೇರೆ ಕೆಲಸ ಹುಡುಕಲು ಸಹಾಯ ಮಾಡುತ್ತೇವೆ.

ಮನೆ, ಸಂಬಳ, ವರ್ಗಾವಣೆ

ಅತ್ತಿಗೆಯ ಮಾತಿನ ಬಗ್ಗೆ ಒಂದು ಭೇಟಿಯೇ ಹೋಯಿತು. ಎದುರುತ್ತರ ಬೇಡ, ವಿವರ ಸಾಕು ಎಂದೆವು. ಒಂದು ಭಾನುವಾರ ಮನೆಯ ಕುಕ್ಕರನ್ನೇ ಇಟ್ಟುಕೊಂಡು ಅಣ್ಣನ ಮಗಳಿಗೆ ಆಟೋಕ್ಲೇವ್ ಪಾಠ ಹೇಳಿದರಂತೆ: ಒಳಗಿನ ಗಾಳಿಯನ್ನೆಲ್ಲ ಹಬೆ ಹೊರಗೆ ತಳ್ಳಿದ ಮೇಲೆ ವೆಯ್ಟ್ ಹಾಕುವುದು ಯಾಕೆ, ಒತ್ತಡ ಏರಿದರೆ ನೀರು 100 ಡಿಗ್ರಿಗೆ ಯಾಕೆ ಕುದಿಯುವುದಿಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿದರು, ಏನೂ ಅನ್ನಲಿಲ್ಲ. ‘ಪಾತ್ರೆ ತೊಳೀತಾಳೆ’ ಎಂಬ ಮಾತು ನಿಂತಿದೆ ಎಂದು ಹೇಳಲು ಇನ್ನೂ ಬೇಗ.

‘ಕಾಯಕವೇ ಕೈಲಾಸ’ ಎಂಬ ಮಾತನ್ನು ಈ ಆರು ಭೇಟಿಗಳಲ್ಲಿ ನಾವು ಒಮ್ಮೆಯೂ ಹೇಳಲಿಲ್ಲ. ಆ ಮಾತಿನ ಮೇಲೆ ಬಹಳ ಗೌರವ ಇರುವುದರಿಂದಲೇ. ಮೂರು ವರ್ಷದಿಂದ ಸಂಬಳ ಏರದವರಿಗೆ, ಕೇಳಿದ ವರ್ಗ ಸಿಗದವರಿಗೆ, ಮೇಲಿನವರು ಅದನ್ನು ಹೇಳಿ ಬಾಯಿ ಮುಚ್ಚಿಸುವುದನ್ನು ಬಹಳ ಸಲ ಕೇಳಿದ್ದೇವೆ. ಕೆಲಸಕ್ಕೆ ಬೆಲೆ ಇದೆ ಎಂದು ಒಪ್ಪಿದ ಮೇಲೆ ಆ ಬೆಲೆಯನ್ನು ಕೇಳುವುದೂ ನ್ಯಾಯವೇ. ಹಾಗಾಗಿ ಐದನೇ ಭೇಟಿಯಲ್ಲಿ ಎರಡು ಅರ್ಜಿ ಬರೆಯಲು ನೆರವಾದೆವು. ಒಂದು, ವಾರದಲ್ಲಿ ಎರಡು ದಿನ ಥಿಯೇಟರಿನಲ್ಲಿ ಕೆಲಸ ಕಲಿಯಲು ಅವಕಾಶ ಕೋರಿ. ಇನ್ನೊಂದು, ಭಾನುವಾರ ಸಂಜೆಯ ಪಾಳಿಗೆ ಎರಡನೆಯವರನ್ನು ಹಾಕಬೇಕೆಂದು. ಒಬ್ಬರೇ ತೊಳೆದು ಅವರೇ ಪರೀಕ್ಷಿಸಿ ಅವರೇ ಸಹಿ ಹಾಕಿದರೆ ತಪ್ಪು ಹಿಡಿಯಲು ಇನ್ನೊಂದು ಕಣ್ಣಿರುವುದಿಲ್ಲ ಎಂಬ ಕಾರಣ ಅದರಲ್ಲಿದೆ.

ನಾಲ್ಕು ತಿಂಗಳ ನಂತರದ ಭೇಟಿ

ದಿನಚರಿಯನ್ನು ಮತ್ತೆ ಒಂದು ವಾರ ಬರೆಸಿದೆವು. ಪರೀಕ್ಷೆಯ ಮೇಜು ಈಗ ಉದ್ದಕ್ಕೂ 3ರಿಂದ 4. ಜಾಗ ಬದಲಿಸುವ ಕ್ರಮ ಜಾರಿಗೆ ಬಂದು ಎರಡು ತಿಂಗಳಾಗಿದೆ. ಕಾಯುವುದು 6. ಲಾಗ್ ಬರೆಯುವುದು 9ರಿಂದ 5ಕ್ಕೆ ಇಳಿದಿದೆ. ಪಿಎಚ್‌ಕ್ಯೂ-9 ಅಂಕ 4. ಇನ್‌ಚಾರ್ಜ್ ಅನುಮತಿ ಪಡೆದು ಲಾಗ್ ಪುಸ್ತಕದ ಹೊಸ ಪುಟದ ಫೋಟೋ ತಂದಿದ್ದರು: 6.04, 5.58, 6.11, 6.02. ಪ್ರತಿ ಸಾಲಿನ ಪಕ್ಕ ಟೆಸ್ಟ್ ಹಾಳೆ ಅಂಟಿಸಿದೆ. ಒಂದು ಕಡೆ 6.09ರ ಕೆಳಗೆ 7.03 ಎಂದು ಇನ್ನೊಂದು ಸಾಲಿದೆ, ಷರಾದಲ್ಲಿ ‘ನಡುವೆ ಬಣ್ಣ ತಿಳಿ, ಮತ್ತೆ ಮಾಡಿದೆ, ಸರಿ. ಎಂಜಿನಿಯರಿಗೆ ಹೇಳಿದೆ’ ಎಂದಿದೆ.

ಥಿಯೇಟರಿನ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಭಾನುವಾರ ಸಂಜೆ ಈಗಲೂ ಒಬ್ಬರೇ, ಆ ಪಾಳಿಯಲ್ಲಿ ಮಾತ್ರ ಬೇಸರ 8ಕ್ಕಿಂತ ಕೆಳಗೆ ಇಳಿದಿಲ್ಲ. ಆ ಪಾಳಿಯ ಅಂಕಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು, ಅರ್ಜಿಯ ನಕಲಿನ ಜೊತೆ ಸೇರಿಸಿ, ಈ ಸಲ ಸೋಂಕು ನಿಯಂತ್ರಣ ಸಮಿತಿಯ ಸಿಸ್ಟರಿಗೆ ಕೊಡಲು ಹೇಳಿ ಕಳಿಸಿದ್ದೇವೆ.